ಪೇಟೆಮನೆಯ ಒಳಬಾಗಿಲು

ನನ್ನ ಚಿಕ್ಕಮ್ಮ ಹುಟ್ಟಿದ್ದು ಮಠದ ಪೇಟೆಮನೆಯ ಬಾಗಿಲಕೋಣೆಯಲ್ಲಿ. ದೊಡ್ಡವಳಾದ ಮೇಲೆ ಕೆಲಸಕ್ಕೆ ಸೇರಿದ್ದೂ ಅದೇ ಮನೆಯಲ್ಲಿ, ವಯಸ್ಸಾಯಿತೆಂದು ಬಿಟ್ಟದ್ದೂ ಅಲ್ಲೇ. ಅಷ್ಟರಲ್ಲಿ ಆ ಮನೆಯ ಬೋರ್ಡು ಬದಲಾಗಿತ್ತು, ಒಡೆಯರು ಬದಲಾಗಿದ್ದರು, ಗೋಡೆಯ ಬಣ್ಣವಂತೂ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಚಿಕ್ಕಮ್ಮ ಮಾತ್ರ ಅಲ್ಲೇ ಇದ್ದಳು. ಯಾಕೆ ಬೇರೆ ಕಡೆ ಹೋಗಲಿಲ್ಲ ಎಂದು ಕೇಳಿದರೆ, "ಯಾರೂ ಕರೀಲಿಲ್ಲ" ಅನ್ನುತ್ತಿದ್ದಳು.

ಮಠ ಇದ್ದದ್ದು ಊರಿನಿಂದ ಅರ್ಧ ದಿನದ ದಾರಿ, ಬೆಟ್ಟದ ಮೇಲೆ. ಅಲ್ಲಿನ ಸನ್ಯಾಸಿಗಳು ಜೇನು ಸಾಕುತ್ತಿದ್ದರು. ಜೇನುತುಪ್ಪ, ಮೇಣ ಮಾರಲು, ಕೋರ್ಟಿನಲ್ಲಿ ಜಮೀನಿನ ತಕರಾರಿಗೆ ನಿಲ್ಲಲು, ಹಲ್ಲು ಕೀಳಿಸಿಕೊಳ್ಳಲು ಅವರು ಕೆಳಗೆ ಇಳಿಯಲೇಬೇಕಿತ್ತು. ಇಳಿದವರು ಕಂಡಕಂಡವರ ಜಗಲಿಯ ಮೇಲೆ ಮಲಗಬಾರದೆಂದು ಹಿಂದಿನ ಕಾಲದ ಯಾರೋ ಗುರುಗಳು ಪೇಟೆಯ ನಡುವೆ ಈ ಮನೆ ಕಟ್ಟಿಸಿದ್ದರಂತೆ. ಬೀದಿಗೆ ದೊಡ್ಡ ಗೇಟು, ಗೇಟಿನ ಪಕ್ಕಕ್ಕೆ ಅಂಟಿಕೊಂಡ ಬಾಗಿಲಕೋಣೆ, ಮುಂದೆ ಕಲ್ಲು ಹಾಸಿದ ಅಂಗಳ. ಅಂಗಳದಾಚೆ ಎರಡು ಕದದ ಒಳಬಾಗಿಲು. ಅದರೊಳಗೆ ಹಜಾರ, ಸದಾ ಉರಿಯುವ ದೊಡ್ಡ ಒಲೆಯಿದ್ದ ಅಡಿಗೆಮನೆ, ಮಹಡಿಯಲ್ಲಿ ಸನ್ಯಾಸಿಗಳ ಕೋಣೆಗಳು. ಕೆಳಗೆ ನೆಲಮಾಳಿಗೆ. ಅಲ್ಲಿ ಮೇಣದ ಗಟ್ಟಿಗಳನ್ನು ಇಟ್ಟಿಗೆಯಂತೆ ಜೋಡಿಸಿಡುತ್ತಿದ್ದರು. ಆ ವಾಸನೆ ಮನೆಯ ನೆಲಕ್ಕೇ ಇಳಿದುಹೋಗಿತ್ತು.

ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ, ಆ ಮನೆಯ ಕಾವಲುಗಾರ. ಬಾಗಿಲಕೋಣೆಯಲ್ಲಿ ಅಜ್ಜ, ಅಜ್ಜಿ, ನನ್ನ ಅಮ್ಮ, ಅವಳಿಗಿಂತ ಆರೇಳು ವರ್ಷಕ್ಕೆ ಚಿಕ್ಕವಳಾದ ಚಿಕ್ಕಮ್ಮ. ಒಂದು ಮಂಚ, ಒಂದು ತಗಡಿನ ಟ್ರಂಕು, ಗೋಡೆಗೆ ಹೊಡೆದ ಮೊಳೆಗಳು. ಮಠದ ನಿಯಮ ಒಂದೇ: ಹೆಂಗಸರು ಒಳಬಾಗಿಲು ದಾಟಬಾರದು. ಅಜ್ಜಿ ಅಂಗಳ ಗುಡಿಸಿಕೊಂಡು ಆ ಬಾಗಿಲಿನವರೆಗೆ ಹೋಗಿ, ಅಲ್ಲಿಂದ ಹಿಂದೆ ಸರಿಯುತ್ತ ಬರುತ್ತಿದ್ದಳಂತೆ. ಒಳಗೆ ಏನಿದೆ ಎಂದು ಮಕ್ಕಳು ಕೇಳಿದರೆ, "ಕಸ ಇದೆ, ಅವರೇ ಗುಡಿಸ್ಕೋತಾರೆ" ಅನ್ನುತ್ತಿದ್ದಳಂತೆ. ಅಜ್ಜಿಯ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವ ತಮಾಷೆ ಇದೊಂದೇ.

ಮನೆಯ ಪಾರುಪತ್ಯ ನೋಡುತ್ತಿದ್ದ ಸನ್ಯಾಸಿಗೆ ಪೇಟೆಯವರು ಇಟ್ಟ ಹೆಸರು ಬೀಗದ ಸ್ವಾಮಿ. ಸೊಂಟಕ್ಕೆ ಬೀಗದಕೈ ಗೊಂಚಲು ಕಟ್ಟಿಕೊಂಡು ಓಡಾಡುತ್ತಿದ್ದ ಎತ್ತರದ ಆಳು. ಮಾತು ಕಡಿಮೆ. ನಡೆದರೆ ಗೊಂಚಲಿನ ಸದ್ದು ಅಂಗಳಕ್ಕೆ ಕೇಳಿಸುತ್ತಿತ್ತು, ಅಜ್ಜ ಎದ್ದು ನಿಲ್ಲುತ್ತಿದ್ದ.

ಚಿಕ್ಕಮ್ಮನಿಗೆ ನಾಲ್ಕು ವರ್ಷವಿದ್ದಾಗ ಅಜ್ಜಿ ಮತ್ತೆ ಬಸುರಾಗಿದ್ದಳು. ಹೆರಿಗೆ ನೋವು ಶುರುವಾದದ್ದು ಕೊರೆಯುವ ಚಳಿಯ ಒಂದು ಮಧ್ಯಾಹ್ನ. ಬಾಗಿಲಕೋಣೆಗೆ ಒಲೆ ಇರಲಿಲ್ಲ, ಕಿಟಕಿಗೆ ಗಾಜಿನ ಬದಲು ಗೋಣಿ ಕಟ್ಟಿತ್ತು. ಸೂಲಗಿತ್ತಿ ಬಂದು ಅಜ್ಜಿಯ ಕೈಕಾಲು ಮುಟ್ಟಿ ನೋಡಿ, "ಇವಳು ಇಲ್ಲಿ ಇದ್ದರೆ ಉಳಿಯಲ್ಲ, ಬೆಚ್ಚಗಿನ ಜಾಗಕ್ಕೆ ಹಾಕಿ, ಬೇಗ" ಎಂದಳು. ಅಜ್ಜ ಅಂಗಳ ದಾಟಿ ಹೋದ. ತುಸು ಹೊತ್ತಿಗೆ ತಿರುಗಿ ಬಂದು, "ಆಗಲ್ಲ" ಎಂದ. ಸಂಜೆಯೊಳಗೆ ಅಜ್ಜಿ ಹೋದಳು. ಮಗುವೂ ಹೋಯಿತು.

ಚಿಕ್ಕಮ್ಮನಿಗೆ ತನ್ನ ತಾಯಿಯ ಮುಖ ನೆನಪಿಲ್ಲ. ನೆನಪಿರುವುದು ಆ ಒಂದು ಮಾತು, ಅಪ್ಪನ ದನಿಯಲ್ಲಿ, "ಆಗಲ್ಲ." ಬೀಗದ ಸ್ವಾಮಿ ಬಾಗಿಲು ತೆಗೆಯಲಿಲ್ಲ, ಅದಕ್ಕೇ ಅಮ್ಮ ಸತ್ತಳು ಎಂದು ಅವಳು ತಿಳಿದುಕೊಂಡಳು. ಯಾರೂ ಹಾಗೆ ಹೇಳಿಕೊಡಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಮರುದಿನವೂ ಗೊಂಚಲಿನ ಸದ್ದು ಬಂತು, ಅಜ್ಜ ಎದ್ದು ನಿಂತ.

ಚಿಕ್ಕಮ್ಮ ಹರೆಯಕ್ಕೆ ಬರುವ ಹೊತ್ತಿಗೆ ಸರ್ಕಾರ ಹೊಸ ಕಾನೂನು ತಂದು ಮಠಗಳ ಹೆಚ್ಚುವರಿ ಆಸ್ತಿಯನ್ನೆಲ್ಲ ವಶಕ್ಕೆ ತೆಗೆದುಕೊಂಡಿತು. ಪೇಟೆಮನೆಯೂ ಹೋಯಿತು. ಗಲಾಟೆಯೇನೂ ಆಗಲಿಲ್ಲ. ಒಬ್ಬ ಗುಮಾಸ್ತ ಬಂದ, ಬೀಗದ ಸ್ವಾಮಿ ಸೊಂಟದಿಂದ ಗೊಂಚಲು ಬಿಚ್ಚಿ ಅವನ ಕೈಗೆ ಕೊಟ್ಟ, ಉಳಿದ ಸನ್ಯಾಸಿಗಳ ಜೊತೆ ಲಾರಿ ಹತ್ತಿದ. ಗೇಟಿನಲ್ಲಿ ನಿಂತ ಅಜ್ಜ ಕೈ ಮುಗಿದ. ವಾರ ಕಳೆಯುವಷ್ಟರಲ್ಲಿ ಅಜ್ಜನಿಗೆ ಖಾಕಿ ಅಂಗಿ ಬಂತು. ಮನೆ ಆಸ್ಪತ್ರೆಯಾಯಿತು, ಕಾವಲುಗಾರ ಅವನೇ.

ಮೇಣದ ನೆಲಮಾಳಿಗೆ ಔಷಧದ ಉಗ್ರಾಣವಾಯಿತು. ದೊಡ್ಡ ಒಲೆಯನ್ನು ಕಿತ್ತು ಅಡಿಗೆಮನೆಯನ್ನು ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆ ಮಾಡಿದರು. ಮಹಡಿಯ ಕೋಣೆಗಳ ನಡುವಿನ ಗೋಡೆ ಒಡೆದು ಎರಡು ವಾರ್ಡು ಮಾಡಿದರು. ಫಿನಾಯಿಲ್ ಹಾಕಿ ಎಷ್ಟು ಉಜ್ಜಿದರೂ ಬಿಸಿಲೇರಿದ ಮೇಲೆ ನೆಲದಿಂದ ಮೇಣದ ವಾಸನೆ ಏಳುತ್ತಿತ್ತು. ಆಸ್ಪತ್ರೆಗೆ ಆಯಾ ಬೇಕಾಗಿತ್ತು, ಅಜ್ಜ ಕೇಳಿದ, ಚಿಕ್ಕಮ್ಮ ಸೇರಿಕೊಂಡಳು. ಅಷ್ಟರಲ್ಲಿ ಅಮ್ಮನಿಗೆ ಮದುವೆಯಾಗಿ ನಾನು ಹುಟ್ಟಿದ್ದೆ.

ಮೊದಲ ದಿನ ಒಳಬಾಗಿಲು ದಾಟಿದಾಗ ಹೇಗನ್ನಿಸಿತು ಎಂದು ನಾನು ಒಮ್ಮೆ ಕೇಳಿದ್ದೆ. ಯೋಚಿಸಿ ಹೇಳಿದಳು, "ಬಕೆಟ್ಟು ಭಾರ ಇತ್ತು."

ಅಲ್ಲಿಂದ ಮುಂದಿನ ವರ್ಷಗಳು ಒಂದರ ಮೇಲೊಂದು ಮಡಿಸಿಟ್ಟ ಬೆಡ್‌ಶೀಟಿನಂತೆ ಕಳೆದುಹೋದವು. ಬೆಳಿಗ್ಗೆ ಬೆಡ್‌ಪ್ಯಾನು, ಆಮೇಲೆ ನೆಲ, ಆಮೇಲೆ ಏಳಲಾಗದವರಿಗೆ ಮೈ ಒರೆಸುವುದು, ಹೊರಳಿಸುವುದು. ಅಜ್ಜ ಒಂದು ದಿನ ಗೇಟಿನ ಸ್ಟೂಲಿನ ಮೇಲೆ ಕೂತವನು ಹಾಗೇ ಪಕ್ಕಕ್ಕೆ ವಾಲಿಕೊಂಡ. ಒಳಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಚಿಕ್ಕಮ್ಮ ಅವನ ಮೈ ಒರೆಸಿ, ಅಂದಿನ ಪಾಳಿ ಮುಗಿಸಿಯೇ ನಮ್ಮ ಮನೆಗೆ ಬಂದು ಸುದ್ದಿ ಹೇಳಿದಳು. ಅವಳಿಗೂ ಮದುವೆ ಅಂತ ಒಂದಾಗಿತ್ತು, ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವವನ ಜೊತೆ. ಅವನು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದ, ಮನೆ ಸಿಕ್ಕಿದ ಮೇಲೆ ಕರೆಸಿಕೊಳ್ಳುತ್ತೇನೆ ಎಂದ. ಅಲ್ಲಿ ಅವನಿಗೆ ಮನೆಯೂ ಸಿಕ್ಕಿತು, ಇನ್ನೊಬ್ಬ ಹೆಂಡತಿಯೂ ಸಿಕ್ಕಿದಳು. ನನ್ನ ಅಮ್ಮ ಕೆರಳಿ ಕೆಂಡವಾದಳು, ನನ್ನ ಅಪ್ಪನನ್ನು ಹೊರಡಿಸಿಕೊಂಡು ಅಲ್ಲಿಗೆ ಹೋಗಿ ಅವನ ಮಾನ ಹರಾಜು ಹಾಕಿ ಬಂದಳು. ಚಿಕ್ಕಮ್ಮ ಮಾತ್ರ ಬಸ್ಸು ತಪ್ಪಿತು ಅನ್ನುವ ಹಾಗೆ, "ಹೋದ" ಅಂದಳು, ಅಷ್ಟೇ.

ನರ್ಸುಗಳು ಅವಳಿಗೆ ಕಲ್ಲಮ್ಮ ಎಂದು ಹೆಸರಿಟ್ಟಿದ್ದು ಆಗಲೇ. ಯಾರು ಸತ್ತರೂ ಅಳದವಳು, ಯಾರು ಬೈದರೂ ಮುಖ ಬದಲಿಸದವಳು ಎಂದು. ಹಿಂದಿನಿಂದ ಆಡಿಕೊಳ್ಳಲು ಇಟ್ಟ ಹೆಸರು. ಆದರೆ ರೋಗಿಗಳು ಅದೇ ಅವಳ ನಿಜವಾದ ಹೆಸರು ಅಂದುಕೊಂಡರು. "ಕಲ್ಲಮ್ಮಾ, ನೀರು ಕೊಡಮ್ಮಾ" ಎಂದು ವಾರ್ಡಿನ ತುಂಬ ಕೂಗುತ್ತಿದ್ದರು. ನರ್ಸುಗಳಿಗೇ ನಾಚಿಕೆಯಾಯಿತು. ಚಿಕ್ಕಮ್ಮ ಕರೆದಾಗಲೆಲ್ಲ "ಬಂದೆ" ಎನ್ನುತ್ತ ಹೋಗುತ್ತಿದ್ದಳು.

ಬೆಟ್ಟದ ಮೇಲಿನ ಮಠ ಈ ನಡುವೆ ಕರಗುತ್ತ ಬಂದಿತ್ತು. ಹೊಸಬರು ಸೇರಲಿಲ್ಲ, ಇದ್ದವರಿಗೆ ವಯಸ್ಸಾಯಿತು. ಕೊನೆಗೆ ಬಾಗಿಲು ಹಾಕಿ, ನಡೆಯಬಲ್ಲವರನ್ನು ದೂರದ ಇನ್ನೊಂದು ಮಠಕ್ಕೆ ಕಳಿಸಿದರು. ನಡೆಯಲಾಗದ ಒಬ್ಬನನ್ನು ಆಂಬುಲೆನ್ಸಿನಲ್ಲಿ ನಮ್ಮ ಆಸ್ಪತ್ರೆಗೆ ತಂದರು. ಸ್ಟ್ರೆಚರಿನ ಮೇಲೆ ಮಲಗಿದ್ದವನು ಮಹಡಿಯ ಮೆಟ್ಟಿಲು ಹತ್ತಿಸುವಾಗ, "ಮೇಲಿನ ಮೆಟ್ಟಿಲು ಸಡಿಲ ಇದೆ, ಜೋಪಾನ" ಎಂದನಂತೆ. ಆ ಮೆಟ್ಟಿಲನ್ನು ಸರಿಪಡಿಸಿ ಎಷ್ಟೋ ಕಾಲವಾಗಿತ್ತು. ದನಿ ಕೇಳಿ ಚಿಕ್ಕಮ್ಮ ತಲೆ ಎತ್ತಿದಳು. ಬೀಗದ ಸ್ವಾಮಿ.

ಅವನನ್ನು ಗಂಡಸರ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಗೆ ಹಾಕಿದರು. ಹಿಂದೆ ಅದೇ ಜಾಗದಲ್ಲಿ ಅವನ ಕೋಣೆ ಇತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಕರೆದುಕೊಂಡು ಹೋಗುವವರು ಯಾರೂ ಇಲ್ಲದ್ದರಿಂದ ಡಾಕ್ಟರು ಇರಲಿ ಬಿಡಿ ಎಂದರು. ಹಾಗೆ ಇದ್ದ. ವರ್ಷ ದಾಟಿತು, ಇನ್ನೊಂದು ದಾಟಿತು. ಅವನ ಮೈ ಒರೆಸುವ ಕೆಲಸ ಚಿಕ್ಕಮ್ಮನ ಪಾಲಿನದು.

ಅಮ್ಮನಿಗೆ ಇದು ಗೊತ್ತಾದಾಗ ಒಲೆಯ ಮುಂದಿನಿಂದ ಎದ್ದೇಬಿಟ್ಟಳು. "ಆ ವಾರ್ಡು ಬೇಡ ಅಂತ ಹೇಳು. ಹೆಂಗಸರ ಕಡೆ ಹಾಕಿಸ್ಕೋ."

"ಯಾಕೆ?"

"ಯಾಕೆ ಅಂತೀಯಲ್ಲ! ನಿಂಗೆ ಏನೂ ಅನ್ಸಲ್ವಾ, ಅವನ್ನ ಮುಟ್ಟೋವಾಗ?"

"ಬೆನ್ನಲ್ಲಿ ಹುಣ್ಣಾಗಿದೆ," ಎಂದಳು ಚಿಕ್ಕಮ್ಮ. "ದಿನಾ ಹೊರಳಿಸದಿದ್ರೆ ಇನ್ನೂ ಆಗುತ್ತೆ."

ತಾನು ಯಾರೆಂದು ಅವಳು ಅವನಿಗೆ ಹೇಳಿರಲಿಲ್ಲ. ಅವನಿಗೂ ಅವಳು ಕಲ್ಲಮ್ಮನೇ. ಹೊರಳಿಸು ಎಂದರೆ ಹೊರಳಿಸುತ್ತಿದ್ದಳು, ಮಲಗಿಸು ಎಂದರೆ ಮಲಗಿಸುತ್ತಿದ್ದಳು. ಮಾತಾಡುವ ಆಳಲ್ಲದ ಅವನು ವಯಸ್ಸಾದಂತೆ ಅಷ್ಟಿಷ್ಟು ಮಾತಾಡತೊಡಗಿದ. ಕೇಳುವವರು ಬೇಕಿತ್ತು ಅಂತಲ್ಲ, ಕಿಟಕಿಯ ಹೊರಗೆ ನೋಡುತ್ತ ಆಡುತ್ತಿದ್ದ. ಆ ಕಿಟಕಿಯಿಂದ ಅಂಗಳ ಕಾಣುತ್ತಿತ್ತು, ಬಾಗಿಲಕೋಣೆಯೂ ಕಾಣುತ್ತಿತ್ತು. ಈಗ ಅಲ್ಲಿ ಸೈಕಲ್ಲು ನಿಲ್ಲಿಸುತ್ತಿದ್ದರು.

ಒಂದು ಬೆಳಿಗ್ಗೆ ಅವಳು ಅವನ ತೋಳು ಒರೆಸುತ್ತಿದ್ದಾಗ ಅವನು ಕೇಳಿದ, "ಆ ಸೈಕಲ್ ಕೋಣೆಯಲ್ಲಿ ಮೊದಲು ಒಬ್ಬ ಕಾವಲುಗಾರ ಇದ್ದ, ಗೊತ್ತಾ?"

"ಹೂಂ."

"ಅವನ ಹೆಂಡತಿ ಅಲ್ಲೇ ತೀರಿಕೊಂಡಳು. ಹೆರಿಗೆಯಲ್ಲಿ. ಬಂದು ಕೇಳಿದ ಅವನು, ಒಳಗೆ ಒಂದು ಜಾಗ ಸಿಗುತ್ತಾ ಸ್ವಾಮಿ ಅಂತ. ನಾನು ಹೂಂ ಅಂದೆ."

ಚಿಕ್ಕಮ್ಮನ ಕೈ ನಿಲ್ಲಲಿಲ್ಲ. ಬಟ್ಟೆ ಅದ್ದಿದಳು, ಹಿಂಡಿದಳು, ಇನ್ನೊಂದು ತೋಳು ಹಿಡಿದಳು.

"ಹೂಂ ಅಂದ್ರಾ?"

"ಎರಡೂ ಕದ ತೆಗೆದೆ. ಅಡಿಗೆಯವನಿಗೆ ಹೇಳಿ ಒಲೆ ಮುಂದೆ ಚಾಪೆ ಹಾಕಿಸಿದೆ. ಕರ್ಕೊಂಡು ಬಾ ಹೋಗು ಅಂದೆ. ಅವನು ಕದ ನೋಡಿದ, ಒಳಗೆ ನೋಡಿದ, ಅಲ್ಲೇ ನಿಂತ. ನಾಳೆ ಗುರುಗಳಿಗೆ ಗೊತ್ತಾದ್ರೆ ನಿಮ್ಮನ್ನ ಕಳಿಸಿಬಿಡ್ತಾರೆ, ನನ್ನನ್ನೂ ಕಳಿಸಿಬಿಡ್ತಾರೆ, ಬೇಡ ಸ್ವಾಮಿ, ಹೆಂಗೋ ಆಗುತ್ತೆ ಅಂದ. ನಾನು ನೋಡ್ಕೋತೀನಿ ಅಂದೆ. ಕೇಳಲಿಲ್ಲ. ಹೋಗಿಬಿಟ್ಟ."

"ನೀವೇನ್ ಮಾಡಿದ್ರಿ?"

"ನಾನು ಹೋಗಿ ಎತ್ತಿಕೊಂಡು ಬರಬಹುದಿತ್ತು. ಹೆಂಗಸರನ್ನ ಮುಟ್ಟಬಾರದು ಅಂತ ವ್ರತ. ಕದ ಹಿಡ್ಕೊಂಡು ನಿಂತೇ ಇದ್ದೆ, ಮನಸ್ಸು ಬದಲಾಯಿಸಿ ಬರ್ತಾನೇನೋ ಅಂತ. ಒಳಗಿನ ಬಿಸಿಯೆಲ್ಲ ಹೊರಗೆ ಹೋಯ್ತು."

ಚಿಕ್ಕಮ್ಮ ಬೆನ್ನು ಒರೆಸಿದಳು, ಹುಣ್ಣಿಗೆ ಪುಡಿ ಹಾಕಿದಳು, ಶೀಟು ಬದಲಿಸಿದಳು. ಪಕ್ಕದ ಹಾಸಿಗೆಯವನಿಗೂ ಎಲ್ಲ ಮಾಡಿದಳು. ಪಾಳಿ ಮುಗಿದ ಮೇಲೆ ನಮ್ಮ ಮನೆಗೆ ಬಂದಳು. ಆಗ ನಾನು ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಚಿಕ್ಕಮ್ಮ ಗೋಡೆಗೊರಗಿ ಕೂತು ಕೇಳಿದ್ದೆಲ್ಲವನ್ನೂ ಹೇಳಿದಳು. ತನ್ನದಲ್ಲದ ಯಾವುದೋ ಮನೆಯ ವಿಷಯ ಹೇಳುವ ಹಾಗೆ ಹೇಳಿದಳು. ಕೊನೆಗೆ, "ಮುದುಕ ಸುಳ್ಳು ಹೇಳ್ತಾನೆ ಅಲ್ವಾ ಅಕ್ಕಾ?" ಎಂದಳು.

ಅಮ್ಮ ಚಾಕು ಕೆಳಗಿಟ್ಟಳು. ಸುಳ್ಳು ಅಂತ ಅಂದುಬಿಡುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ.

"ಸುಳ್ಳಲ್ಲ," ಎಂದಳು ಅಮ್ಮ. "ಅಪ್ಪನ ಹಿಂದೇ ಹೋಗಿದ್ದೆ ನಾನು, ಅಂಗಳದಲ್ಲಿ ನಿಂತಿದ್ದೆ. ಬಾಗಿಲು ತೆಗೆದಿತ್ತು. ಆ ಚಾಪೆನೂ ನೋಡ್ದೆ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಆ ವಾರ್ಡು ಬೇಡ ಅಂದೆಯಲ್ಲ, ಅವನ್ನ ಮುಟ್ಟಬೇಡ ಅಂದೆಯಲ್ಲ."

"ಅವನು ಬಾಯಿ ಬಿಟ್ಟಾನು ಅಂತ ಭಯ ಆಯ್ತು ಕಣೆ." ಅಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು, ಈರುಳ್ಳಿಯದೋ ಏನೋ ಗೊತ್ತಾಗುತ್ತಿರಲಿಲ್ಲ. "ನೀನು ಚಿಕ್ಕವಳು. ಅಪ್ಪನ ಕೈಯಿಂದ್ಲೇ ಉಣ್ಣಬೇಕಿತ್ತು, ಅಪ್ಪನ ಪಕ್ಕದಲ್ಲೇ ಮಲಗಬೇಕಿತ್ತು. ಸ್ವಾಮಿ ಬಾಗಿಲು ತೆಗೀಲಿಲ್ಲ ಅಂತ ನೀನೇ ಅಂದುಕೊಂಡೆ. ಒಳ್ಳೇದಾಯ್ತು ಅಂತ ನಾನು ಸುಮ್ನಿದ್ದೆ."

"ಅಪ್ಪ ಇರೋವರೆಗೆ ಸರಿ. ಅಪ್ಪ ಹೋದ್ಮೇಲೆ?"

"ಆಮೇಲೆ ಹೇಳಿ ಏನ್ ಮಾಡೋದು? ಅಷ್ಟು ವರ್ಷ ನೀನು ಒಬ್ಬನ ಮೇಲೆ ಸಿಟ್ಟು ಇಟ್ಕೊಂಡು ಬದುಕಿದ್ದೆ. ಅದನ್ನ ಕಿತ್ಕೊಂಡು ನಿನ್ನ ಕೈಗೆ ಏನು ಕೊಡ್ಲಿ?"

ಚಿಕ್ಕಮ್ಮ ತನ್ನ ಅಂಗೈ ನೋಡಿಕೊಂಡಳು. ದಿನವಿಡೀ ನೀರಲ್ಲಿದ್ದು ಸುಕ್ಕು ಬಿದ್ದಿತ್ತು. "ಸಿಟ್ಟು ಎಲ್ಲಿತ್ತು ಅಕ್ಕಾ," ಎಂದಳು. "ನಂಗೆ ಏನೂ ಇರಲಿಲ್ಲ."

ಆಮೇಲೆ ಊಟ ಮಾಡಿದರು. ಅಮ್ಮ ಬಡಿಸಿದಳು, ಚಿಕ್ಕಮ್ಮ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನಾನು ಮಾತ್ರ ಸರಿಯಾಗಿ ತಿನ್ನಲಿಲ್ಲ ಎಂದು ಬೈಸಿಕೊಂಡೆ.

ಮರುದಿನ ಮೈ ಒರೆಸುವಾಗ ಚಿಕ್ಕಮ್ಮ ಬೀಗದ ಸ್ವಾಮಿಗೆ ಹೇಳಿದಳು, "ಆ ಕಾವಲುಗಾರನ ಚಿಕ್ಕ ಮಗಳು ನಾನೇ."

ಅವನು ತುಂಬ ಹೊತ್ತು ಅವಳ ಮುಖ ನೋಡಿದ. "ಟ್ರಂಕಿನ ಮೇಲೆ ಕೂತಿದ್ದವಳು."

"ಇರಬಹುದು."

"ನಿಮ್ಮ ಕೋಣೆ ಬಾಗಿಲೂ ತೆಗೆದಿತ್ತು. ನಾನು ಕದ ಹಿಡ್ಕೊಂಡು ನಿಂತಲ್ಲಿಂದ ಕಾಣ್ತಿತ್ತು. ನಿನ್ನ ಒಂದು ಕಾಲಿಗೆ ಕಾಲುಚೀಲ ಇರಲಿಲ್ಲ." ಅವನು ಅವಳ ಕೈಯಿಂದ ತೋಳು ಬಿಡಿಸಿಕೊಂಡ. "ಇನ್ನು ನೀನು ನನ್ನನ್ನ ಒರೆಸಬೇಡಮ್ಮಾ. ಬೇರೆ ಯಾರಿಗಾದ್ರೂ ಹೇಳ್ತೀನಿ."

"ಬೇರೆ ಯಾರಿದ್ದಾರೆ?" ಎಂದಳು ಚಿಕ್ಕಮ್ಮ. "ಆ ಕಡೆ ಹೊರಳಿ."

ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ಆ ಮಾತು ಬರಲಿಲ್ಲ. ಅವನು ಕ್ಷಮೆ ಕೇಳಲಿಲ್ಲ, ಅವಳು ಕೊಡಲಿಲ್ಲ. ಒಂದು ವ್ಯತ್ಯಾಸವಾಯಿತು, ಅದನ್ನು ಗಮನಿಸಿದ್ದು ನರ್ಸುಗಳು. ಹಿಂದೆ ಎಲ್ಲದಕ್ಕೂ ಕರೆಯುತ್ತಿದ್ದ ಮುದುಕ ಈಗ ಯಾವುದಕ್ಕೂ ಕರೆಯುತ್ತಿರಲಿಲ್ಲ. ಬಾಯಾರಿದರೂ ಸುಮ್ಮನಿರುತ್ತಿದ್ದ. ಚಿಕ್ಕಮ್ಮನೇ ಆಗಾಗ ಹೋಗಿ ಲೋಟ ಬಾಯಿಗಿಟ್ಟು ಬರುತ್ತಿದ್ದಳು. ಮುಂದಿನ ಚಳಿಗಾಲದಲ್ಲಿ ಅವನಿಗೆ ಕಫ ಕಟ್ಟಿತು. ಎದೆಗೆ ಬಿಸಿನೀರಿನ ಚೀಲ ಇಡು ಎಂದು ಡಾಕ್ಟರು ಹೇಳಿದರು, ಇಟ್ಟಳು. ಆರಿದಂತೆಲ್ಲ ಬದಲಿಸಿದಳು. ಎರಡು ದಿನ ಹಾಗೆ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಅವಳು ಚೀಲ ತುಂಬಿಸಿಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಚೀಲವನ್ನು ಪಕ್ಕದ ಹಾಸಿಗೆಯವನ ಕಾಲಿಗೆ ಇಟ್ಟಳು.

ಹೆಣ ಕೇಳಿಕೊಂಡು ಯಾರೂ ಬರಲಿಲ್ಲ. ನಗರಸಭೆಯವರು ಮಣ್ಣು ಮಾಡುವಾಗ ಚಿಕ್ಕಮ್ಮ, ಅಮ್ಮ, ನಾನು, ಇಬ್ಬರು ನರ್ಸುಗಳು ಇದ್ದೆವು. ಅಮ್ಮ ಬಿಕ್ಕಿಬಿಕ್ಕಿ ಅತ್ತಳು, ನೋಡಿದವರು ಇವಳೇ ಮಗಳು ಅಂದುಕೊಂಡಿರಬೇಕು. ಚಿಕ್ಕಮ್ಮ ಚಪ್ಪಲಿಗೆ ಹತ್ತಿದ ಮಣ್ಣನ್ನು ಕಲ್ಲಿಗೆ ಕೆರೆದುಕೊಂಡು, "ಹೊರಡೋಣವಾ?" ಎಂದಳು.

ಊರ ಹೊರಗೆ ದೊಡ್ಡ ಆಸ್ಪತ್ರೆ ಕಟ್ಟಿದ ಮೇಲೆ ಪೇಟೆಮನೆ ಖಾಲಿಯಾಯಿತು. ಆ ಹೊತ್ತಿಗೆ ಚಿಕ್ಕಮ್ಮನಿಗೂ ನಿವೃತ್ತಿ. ಮಂಚಗಳನ್ನು ಲಾರಿಗೆ ತುಂಬುವುದನ್ನು ನೋಡಿ ಬಂದು, ಗೋಡೆಯ ಮೇಲೆ ಮಂಚದ ತಲೆ ತಾಗಿದಲ್ಲೆಲ್ಲ ಜಿಡ್ಡಿನ ಗುರುತು ಉಳಿದಿದೆ ಎಂದಳು. ಬಹಳ ಕಾಲ ಕಟ್ಟಡಕ್ಕೆ ಬೀಗ ಬಿದ್ದಿತ್ತು, ಪಾರಿವಾಳ ಸೇರಿಕೊಂಡಿದ್ದವು. ಈಗ ಅದನ್ನು ಕೊಂಡವರು ಹೋಟೆಲು ಮಾಡಿದ್ದಾರೆ. ಅಮ್ಮ ತೀರಿಕೊಂಡ ಮೇಲೆ ಚಿಕ್ಕಮ್ಮ ನನ್ನ ಜೊತೆಗಿದ್ದಾಳೆ. ಹೋಟೆಲು ಶುರುವಾದಾಗ ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಕೋಟು ಹಾಕಿದ ಹುಡುಗಿಯೊಬ್ಬಳು ನಮ್ಮನ್ನು ಹಿಂದಿನ ಅಡಿಗೆಮನೆಗೆ ಕರೆದೊಯ್ದು, "ಇಲ್ಲಿ ಸನ್ಯಾಸಿಗಳು ಧ್ಯಾನ ಮಾಡ್ತಿದ್ರು" ಎಂದಳು. "ಹೌದಾ," ಎಂದಳು ಚಿಕ್ಕಮ್ಮ. ಮಹಡಿಗೆ ಲಿಫ್ಟಿನಲ್ಲಿ ಹೋದೆವು. ಕಿಟಕಿ ಪಕ್ಕದ ಆ ಜಾಗದಲ್ಲಿ ಬಿಳಿ ಹಾಸಿಗೆ, ಅದರ ಮೇಲೆ ಹಂಸದ ಆಕಾರಕ್ಕೆ ಮಡಿಸಿಟ್ಟ ಟವೆಲ್ಲು. ಚಿಕ್ಕಮ್ಮ ಹಾಸಿಗೆಯ ಅಂಚು ಒತ್ತಿ ನೋಡಿದಳು. ತಿರುಗಿ ಬರುವಾಗ ಹೇಗಿತ್ತು ಎಂದು ಕೇಳಿದೆ. "ಲಿಫ್ಟು ಚೆನ್ನಾಗಿದೆ," ಎಂದಳು.

ಮೊನ್ನೆ ಅವಳ ಕಾಲುಗುರು ಕತ್ತರಿಸುತ್ತಿದ್ದೆ. ಅವಳಿಗೀಗ ಬಗ್ಗಲಾಗುವುದಿಲ್ಲ. ಇಷ್ಟು ವರ್ಷ ಕೇಳಬೇಕೆಂದುಕೊಂಡಿದ್ದನ್ನು ಕೇಳಿಬಿಟ್ಟೆ. "ಚಿಕ್ಕಮ್ಮಾ, ಆವತ್ತು ಗೊತ್ತಾದ ಮೇಲೆ ಅಜ್ಜನ ಮೇಲೆ ನಿಂಗೆ ಸಿಟ್ಟು ಬಂತಾ?"

ಅವಳು ಇನ್ನೊಂದು ಪಾದವನ್ನೂ ನನ್ನ ಮಡಿಲಿಗೆ ಇಟ್ಟಳು.

"ಬರುತ್ತೆ ಅಂತ ಕಾದೆ," ಎಂದಳು. "ಬರಲಿಲ್ಲ. ಅಷ್ಟರಲ್ಲಿ ಆ ವರ್ಷ ಜ್ವರದವರು ಜಾಸ್ತಿ ಬಂದ್ರು, ವರಾಂಡದಲ್ಲೆಲ್ಲ ಮಲಗಿಸಬೇಕಾಯ್ತು. ಆಮೇಲೆ ಮರೆತೇಹೋಯ್ತು." ನಂತರ, ಕಿರುಬೆರಳನ್ನು ಹುಷಾರಾಗಿ ಹಿಡಿ, ಅಲ್ಲಿ ಉಗುರು ಒಳಗೆ ಬೆಳೆದಿದೆ ಎಂದು ಹೇಳಿ ಕಣ್ಣು ಮುಚ್ಚಿದಳು.